ಬೇಸಿಗೆ ರಜೆಯ 48 ದಿನ: ತರಗತಿ ಯಾರಿಗೆ, ಬಿಡುವು ಎಷ್ಟು?

ಮಾರ್ಚ್ ಮುಗಿಯುವ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದಕ್ಕೊಂದು ಹೊಂದದ ಎರಡು ಬಗೆಯ ಸುದ್ದಿಗಳು ಬರತೊಡಗುತ್ತವೆ. ಬೇಸಿಗೆ ರಜೆಯಲ್ಲಿ ಪಾಠ ಮಾಡುವ ಶಾಲಾ ಕಾಲೇಜುಗಳ ಮೇಲೆ ಕ್ರಮ ಕೈಗೊಳ್ಳುವುದಾಗಿ ಶಿಕ್ಷಣ ಇಲಾಖೆ ಎಚ್ಚರಿಸುತ್ತದೆ ಎಂಬುದು ಒಂದು. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೆ ವಿಶೇಷ ತರಗತಿ ನಡೆಸಿ ಎಂದು ಅದೇ ಇಲಾಖೆ ಸೂಚಿಸುತ್ತದೆ ಎಂಬುದು ಇನ್ನೊಂದು. ಇವುಗಳ ನಡುವೆ ‘ಕ್ರ್ಯಾಶ್ ಕೋರ್ಸ್’, ‘ಬ್ರಿಡ್ಜ್ ಕೋರ್ಸ್’ಗಳ ಜಾಹೀರಾತುಗಳೂ ಇರುತ್ತವೆ. ರಜೆಯಲ್ಲಿ ಮಗುವನ್ನು ತರಗತಿಗೆ ಕಳುಹಿಸುವುದು ಸರಿಯೋ ತಪ್ಪೋ ಎಂಬ ಗೊಂದಲ ಪೋಷಕರಿಗೆ ಉಳಿಯುತ್ತದೆ. ‘ಬೇಸಿಗೆ ತರಗತಿ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಮೂರು ನಾಲ್ಕು ಬಗೆಯ ಬೋಧನೆ ಸೇರಿಕೊಂಡಿರುವುದೇ ಈ ಗೊಂದಲದ ಮೂಲ. ಅವುಗಳನ್ನು ಬಿಡಿಸಿ ನೋಡಿದರೆ ಕೆಲವು ಅಗತ್ಯವೆಂದೂ ಕೆಲವು ಬೇಡವೆಂದೂ ಹೇಳಲು ಸಾಧ್ಯವಿದೆ.

ಕಾಗದದ ಮೇಲಿನ ರಜೆ

2025–26ನೇ ಸಾಲಿನ ಶಾಲಾ ವೇಳಾಪಟ್ಟಿಯಂತೆ ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ, 6ರಿಂದ 8ನೇ ತರಗತಿಗೆ 220 ದಿನ ಮತ್ತು 1,000 ಗಂಟೆ ಕನಿಷ್ಠವಾಗಿ ಸಿಗಬೇಕು. ಬೇಸಿಗೆ ಮತ್ತು ದಸರಾ ರಜೆ, ಭಾನುವಾರ, ಹಬ್ಬ ಎಲ್ಲವನ್ನೂ ಕಳೆದ ಮೇಲೂ ಈ ಮಿತಿ ತಲುಪುವಂತೆಯೇ ವೇಳಾಪಟ್ಟಿಯನ್ನು ರೂಪಿಸಲಾಗುತ್ತದೆ. ಆದ್ದರಿಂದ ಪಠ್ಯಕ್ರಮ ಮುಗಿಸಲು ಬೇಸಿಗೆಯ ದಿನಗಳು ಬೇಕಾಗುವ ಸಂದರ್ಭ ತಾತ್ವಿಕವಾಗಿ ಬರಬಾರದು.

ವಾಸ್ತವದಲ್ಲಿ ಅದು ಬರುತ್ತದೆ. 2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು, ನಷ್ಟವಾದ ಪಾಠವನ್ನು ವಿಶೇಷ ತರಗತಿಗಳ ಮೂಲಕ ತುಂಬಿಕೊಡಿ ಎಂಬ ಸೂಚನೆಯೂ ಜೊತೆಗೇ ಬಂತು. ಸಮೀಕ್ಷೆ, ಚುನಾವಣೆ, ತರಬೇತಿ, ಮಳೆಯ ರಜೆ ಹೀಗೆ ವರ್ಷದುದ್ದಕ್ಕೂ ಕಳೆದುಹೋಗುವ ದಿನಗಳ ಲೆಕ್ಕವನ್ನು ಕೊನೆಗೆ ಬೇಸಿಗೆಯ ತಲೆಗೆ ಕಟ್ಟುವುದು ಒಂದು ರೂಢಿಯೇ ಆಗಿಬಿಟ್ಟಿದೆ.

ಪರೀಕ್ಷೆಯೇ ರಜೆಯೊಳಗೆ ಬಂದ ಬಗೆ

ಇದಕ್ಕಿಂತ ದೊಡ್ಡ ಬದಲಾವಣೆ ತಂದದ್ದು 2024ರಲ್ಲಿ ಜಾರಿಗೆ ಬಂದ ಬಹುಪರೀಕ್ಷಾ ವ್ಯವಸ್ಥೆ. ಹಿಂದೆ ಮುಖ್ಯ ಪರೀಕ್ಷೆ ಮತ್ತು ಪೂರಕ ಪರೀಕ್ಷೆ ಇದ್ದ ಜಾಗದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ–1, 2 ಮತ್ತು 3 ಬಂದವು. 2026ಕ್ಕೆ ಪ್ರಕಟವಾದ ವೇಳಾಪಟ್ಟಿಯಲ್ಲಿ ಅವು ಎರಡಕ್ಕೆ ಇಳಿದಿವೆ. ವಿದ್ಯಾರ್ಥಿಯ ವರ್ಷ ವ್ಯರ್ಥವಾಗಬಾರದು, ಅಂಕ ಹೆಚ್ಚಿಸಿಕೊಳ್ಳಲು ಇನ್ನೊಂದು ಅವಕಾಶ ಸಿಗಬೇಕು ಎಂಬ ಉದ್ದೇಶ ಒಳ್ಳೆಯದೇ. ಆದರೆ ಮುಂದಿನ ತರಗತಿಗೆ ಸಕಾಲದಲ್ಲಿ ದಾಖಲಾಗಬೇಕಿದ್ದರೆ ಎರಡನೇ ಪರೀಕ್ಷೆ ಬೇಸಿಗೆಯಲ್ಲಿ ಅಥವಾ ಅದರ ಅಂಚಿನಲ್ಲೇ ನಡೆಯಬೇಕು. ಪರೀಕ್ಷೆ ರಜೆಯೊಳಗೆ ಬಂದ ಮೇಲೆ ಅದಕ್ಕೆ ಸಿದ್ಧಗೊಳಿಸುವ ತರಗತಿಯೂ ರಜೆಯೊಳಗೇ ಬರುತ್ತದೆ.

2024ರ ಮೇ ತಿಂಗಳಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆ ವರ್ಷ ಮೇ 9ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ–1ರ ಫಲಿತಾಂಶ ಬಂದಾಗ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಕುಸಿದಿತ್ತು, ಅದೂ ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆ. ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಅಳವಡಿಸಿದ್ದರಿಂದ ನಕಲಿಗೆ ಕಡಿವಾಣ ಬಿದ್ದದ್ದು ಇದಕ್ಕೆ ಮುಖ್ಯ ಕಾರಣವೆಂದು ಸರ್ಕಾರ ಹೇಳಿತು. ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಅನುತ್ತೀರ್ಣರಾಗಿದ್ದರು ಮತ್ತು ಪರೀಕ್ಷೆ–2 ಜೂನ್ 7ಕ್ಕೆ ನಿಗದಿಯಾಗಿತ್ತು. ಶಾಲೆ ತೆರೆಯುವವರೆಗೆ ಕಾದರೆ ಸಿಗುತ್ತಿದ್ದದ್ದು ಒಂಬತ್ತು ದಿನ ಮಾತ್ರ. ಹಾಗಾಗಿ ಮೇ 15ರಿಂದಲೇ ವಿಶೇಷ ತರಗತಿ ನಡೆಸುವಂತೆ ಆದೇಶ ಹೊರಟಿತು. ಶಿಕ್ಷಕರ ಸಂಘಟನೆಗಳು ಮತ್ತು ವಿಧಾನ ಪರಿಷತ್ತಿನ ಕೆಲವು ಸದಸ್ಯರು ಇದನ್ನು ವಿರೋಧಿಸಿದರು. ಕೊನೆಗೆ ಸರ್ಕಾರ ಪರೀಕ್ಷೆ–2ನ್ನು ಜೂನ್ 14ಕ್ಕೆ ಮುಂದೂಡಿ, ವಿಶೇಷ ತರಗತಿಗಳನ್ನು ಶಾಲೆ ತೆರೆಯುವ ಮೇ 29ರಿಂದ ಆರಂಭಿಸಲು ಒಪ್ಪಿತು.

ಈ ಪ್ರಸಂಗದಲ್ಲಿ ಯಾರ ವಾದವೂ ಪೂರ್ತಿ ತಪ್ಪಾಗಿರಲಿಲ್ಲ. ಅನುತ್ತೀರ್ಣರಾದ ಮಗುವಿಗೆ ಪಾಠ ಬೇಕಿತ್ತು ಎಂಬುದು ನಿಜ, ಶಿಕ್ಷಕರಿಗೆ ಬಿಡುವು ಸಿಕ್ಕಿರಲಿಲ್ಲ ಎಂಬುದೂ ನಿಜ. ತಪ್ಪಿದ್ದದ್ದು ಪರೀಕ್ಷೆಯ ದಿನಾಂಕವನ್ನು ಮೊದಲು ಗೊತ್ತುಪಡಿಸಿ, ಅದಕ್ಕೆ ಬೇಕಾದ ಬೋಧನೆ ಯಾವಾಗ ನಡೆಯಬೇಕೆಂಬುದನ್ನು ಆಮೇಲೆ ಯೋಚಿಸಿದ್ದರಲ್ಲಿ. 2025ರಲ್ಲಿಯೂ ಫಲಿತಾಂಶ ಮೇ 2ಕ್ಕೆ ಬಂದು ಪರೀಕ್ಷೆ–2 ಮೇ 26ಕ್ಕೆ ಆರಂಭವಾಯಿತು. ನಡುವಿನ 23 ದಿನಗಳೆಲ್ಲವೂ ರಜೆಯ ದಿನಗಳೇ ಆಗಿದ್ದವು. ಆ ಸಾಲಿನ ಪರೀಕ್ಷೆ–1ರ ಫಲಿತಾಂಶ ಶೇ 62.34.

ದ್ವಿತೀಯ ಪಿಯುಸಿಯವರ ಸ್ಥಿತಿ ಇನ್ನೂ ಇಕ್ಕಟ್ಟಿನದು. 2025ರ ಏಪ್ರಿಲ್ 8ಕ್ಕೆ ಫಲಿತಾಂಶ, 16 ಮತ್ತು 17ಕ್ಕೆ ಸಿಇಟಿ, 24ರಿಂದ ಮೇ 8ರವರೆಗೆ ಪರೀಕ್ಷೆ–2, ಅದರ ನಡುವೆ ಮೇ 4ರ ಭಾನುವಾರ ನೀಟ್. ವಿಜ್ಞಾನ ವಿಭಾಗದ ವಿದ್ಯಾರ್ಥಿಯ ಮಟ್ಟಿಗೆ ಆ ಬೇಸಿಗೆಯಲ್ಲಿ ‘ರಜೆ’ ಎಂಬ ಪದಕ್ಕೆ ಹೆಚ್ಚಿನ ಅರ್ಥವಿರಲಿಲ್ಲ.

ಶಿಕ್ಷಕರ ಆಕ್ಷೇಪದ ಹಿಂದಿನ ಲೆಕ್ಕ

ಎರಡು ತಿಂಗಳು ರಜೆ ಪಡೆಯುವ ಶಿಕ್ಷಕರು ಎರಡು ವಾರ ಪಾಠ ಮಾಡಿದರೆ ಏನಾಗುತ್ತದೆ ಎಂಬ ಮಾತು ಸಾರ್ವಜನಿಕವಾಗಿ ಸುಲಭವಾಗಿ ಕೇಳಿಬರುತ್ತದೆ. ಸೇವಾ ನಿಯಮ ಗೊತ್ತಿಲ್ಲದೆ ಆಡುವ ಮಾತು ಇದು. ಬೇಸಿಗೆ ಮತ್ತು ದಸರಾ ರಜೆ ಇರುವ ಕಾರಣಕ್ಕೇ ಶಿಕ್ಷಕರಿಗೆ ಉಳಿದ ಸರ್ಕಾರಿ ನೌಕರರಂತೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಇಲ್ಲ, ಸಿಗುವುದು 10 ದಿನ ಮಾತ್ರ. ರಜಾವಧಿಯಲ್ಲಿ ಕರ್ತವ್ಯಕ್ಕೆ ಕರೆದರೆ ಅದಕ್ಕೆ ತಕ್ಕಷ್ಟು ಗಳಿಕೆ ರಜೆಯನ್ನು ಸೇವಾ ಪುಸ್ತಕದಲ್ಲಿ ಜಮಾ ಮಾಡಬೇಕು. ಆದೇಶಗಳಲ್ಲಿ ಈ ಅಂಶ ಸ್ಪಷ್ಟವಾಗಿ ಇಲ್ಲದಿದ್ದಾಗ ವಿರೋಧ ಏಳುವುದು ಸಹಜ. 2024ರಲ್ಲಂತೂ ಲೋಕಸಭಾ ಚುನಾವಣೆಯ ಮತದಾನ ಏಪ್ರಿಲ್ 26 ಮತ್ತು ಮೇ 7ರಂದು ನಡೆದಿತ್ತು. ಮತಗಟ್ಟೆಯ ಕೆಲಸ ಮತ್ತು ಉತ್ತರ ಪತ್ರಿಕೆಗಳ ಮೌಲ್ಯಮಾಪನ ಎರಡನ್ನೂ ಮುಗಿಸಿದ ಪ್ರೌಢಶಾಲಾ ಶಿಕ್ಷಕರಿಗೆ ಮೇ 15ರ ಆದೇಶ ಎಂದರೆ ಆ ಬೇಸಿಗೆಯಲ್ಲಿ ಬಿಡುವೇ ಇಲ್ಲ ಎಂದಾಗುತ್ತಿತ್ತು. ಒಲ್ಲದ ಮನಸ್ಸಿನಿಂದ ನಡೆಯುವ ಪರಿಹಾರ ಬೋಧನೆಯಿಂದ ಮಗುವಿಗಾದರೂ ಸಿಗುವುದೇನು? ‘ಪಾಸಿಂಗ್ ಪ್ಯಾಕೇಜ್’ನ ಕೆಲವು ಖಚಿತ ಪ್ರಶ್ನೆಗಳನ್ನು ಕಪ್ಪು ಹಲಗೆಯಿಂದ ನೋಟ್ ಪುಸ್ತಕಕ್ಕೆ ಇಳಿಸುವಷ್ಟಕ್ಕೆ ಅದು ನಿಂತುಹೋಗುವ ಸಂಭವವೇ ಹೆಚ್ಚು.

ಖಾಸಗಿ ತರಗತಿಗಳ ಕಾರಣ ಬೇರೆ

ಖಾಸಗಿ ಪಿಯು ಕಾಲೇಜುಗಳಲ್ಲಿ, ಅದರಲ್ಲೂ ಸಿಇಟಿ, ನೀಟ್, ಜೆಇಇ ತರಬೇತಿಯನ್ನು ಜೊತೆಗೂಡಿಸಿಕೊಂಡ ಕಾಲೇಜುಗಳಲ್ಲಿ ಬೇಸಿಗೆ ತರಗತಿ ಹುಟ್ಟುವುದು ಅನುತ್ತೀರ್ಣರಿಗಾಗಿ ಅಲ್ಲ. ಪ್ರಥಮ ಪಿಯು ಪರೀಕ್ಷೆ ಮುಗಿದ ಕೂಡಲೇ ದ್ವಿತೀಯ ಪಿಯು ಪಠ್ಯ ಆರಂಭಿಸಿದರೆ ಡಿಸೆಂಬರ್ ಹೊತ್ತಿಗೆ ಪಾಠ ಮುಗಿಯುತ್ತದೆ, ಉಳಿದ ತಿಂಗಳುಗಳನ್ನು ಪುನರಾವರ್ತನೆಗೂ ಮಾದರಿ ಪರೀಕ್ಷೆಗಳಿಗೂ ಮೀಸಲಿಡಬಹುದು ಎಂಬುದು ಅವುಗಳ ಲೆಕ್ಕ. ಪಠ್ಯಕ್ರಮವನ್ನು ಕಡಿಮೆ ಅವಧಿಯಲ್ಲಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಮಯ ಉಳಿಸುವ ಈ ತಂತ್ರ ಒಂದು ಕಾಲೇಜಿನ ಮಟ್ಟಿಗೆ ಲಾಭವೇ ಇರಬಹುದು. ಎಲ್ಲ ಕಾಲೇಜುಗಳೂ ಅದನ್ನೇ ಮಾಡಿದಾಗ ಯಾರಿಗೂ ಮುನ್ನಡೆ ಉಳಿಯುವುದಿಲ್ಲ, ಮೊದಲಿಗಿಂತ ಒಂದು ಬೇಸಿಗೆ ಮಾತ್ರ ಎಲ್ಲರಿಗೂ ಕಡಿಮೆಯಾಗಿರುತ್ತದೆ. ಈ ಸ್ಪರ್ಧೆಯಿಂದ ಒಬ್ಬೊಬ್ಬ ಪೋಷಕರಾಗಿ ಹೊರಬರುವುದು ಕಷ್ಟವಾದ್ದರಿಂದಲೇ ಇಲಾಖೆಯ ಸುತ್ತೋಲೆ ಬೇಕಾಗುತ್ತದೆ. ಆದರೆ ಅದನ್ನು ಜಾರಿ ಮಾಡಲು ಸ್ಥಳಕ್ಕೆ ಹೋಗಿ ನೋಡುವವರು ಯಾರು ಎಂಬ ಪ್ರಶ್ನೆಗೆ ಸುತ್ತೋಲೆಗಳಲ್ಲಿ ಉತ್ತರವಿರುವುದು ಅಪರೂಪ.

ಕೋಚಿಂಗ್ ಕೇಂದ್ರಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 5 ಗಂಟೆಗಿಂತ ಹೆಚ್ಚು ತರಗತಿ ಇರಬಾರದು, ವಾರದ ರಜೆ ಕಡ್ಡಾಯ ಮತ್ತು ಆ ರಜೆಯ ಮರುದಿನ ಪರೀಕ್ಷೆ ಇಡಬಾರದು ಎಂದು ಅದರಲ್ಲಿದೆ. ಕೊನೆಯ ಅಂಶವನ್ನು ಬರೆದವರು ಮಕ್ಕಳ ದಿನಚರಿಯನ್ನು ಹತ್ತಿರದಿಂದ ನೋಡಿದವರೇ ಇರಬೇಕು. ಸೋಮವಾರ ಪರೀಕ್ಷೆ ಇದ್ದರೆ ಭಾನುವಾರದ ರಜೆ ಹೆಸರಿಗಷ್ಟೇ ಎಂಬುದು ಅವರಿಗೆ ಗೊತ್ತಿದೆ. ಆದರೆ ಈ ಮಾರ್ಗಸೂಚಿಗೆ ಕಾನೂನಿನ ಬಲ ಸಿಗುವುದು ರಾಜ್ಯ ಸರ್ಕಾರಗಳು ಅದನ್ನು ತಮ್ಮ ನಿಯಮವಾಗಿ ಮಾಡಿಕೊಂಡಾಗ ಮಾತ್ರ.

ರಜೆಯಲ್ಲಿ ಮರೆತುಹೋಗುತ್ತದೆ ಎಂಬ ವಾದ

ಬೇಸಿಗೆ ತರಗತಿಯ ಪರವಾಗಿ ಎಲ್ಲರೂ ಮುಂದಿಡುವ ಸಮರ್ಥನೆ ಎಂದರೆ ದೀರ್ಘ ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬುದು. ಈ ಬಗ್ಗೆ ಹೆಚ್ಚಿನ ಅಧ್ಯಯನಗಳು ನಡೆದದ್ದು ಅಮೆರಿಕದಲ್ಲಿ. ಹ್ಯಾರಿಸ್ ಕೂಪರ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಬೇಸಿಗೆಯ ನಂತರ ಮಕ್ಕಳ ಸಾಧನೆ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತದೆ, ಓದಿಗಿಂತ ಗಣಿತದಲ್ಲಿ ಈ ಕುಸಿತ ಹೆಚ್ಚು ಎಂದು ಕಂಡುಕೊಂಡರು. ಅಳತೆಯ ವಿಧಾನ ಬದಲಾದಾಗ ಈ ನಷ್ಟದ ಪ್ರಮಾಣವೂ ಬದಲಾಗುತ್ತದೆ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಅಲ್ಲಿನ ರಜೆ ನಮ್ಮದಕ್ಕಿಂತ ಮೂರು ನಾಲ್ಕು ವಾರ ದೀರ್ಘ ಎಂಬುದನ್ನೂ ಗಮನಿಸಬೇಕು.

ನಮ್ಮಲ್ಲಿ ಸಿಗುವ ಹತ್ತಿರದ ಪುರಾವೆ ಕೋವಿಡ್ ಕಾಲದ್ದು. ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದ ಬಳಿಕ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಅಧ್ಯಯನ ಮಾಡಿ 2021ರಲ್ಲಿ ವರದಿ ಪ್ರಕಟಿಸಿತು. ಹಿಂದಿನ ವರ್ಷ ಇದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 92ರಷ್ಟು ಮಕ್ಕಳೂ, ಗಣಿತದ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 82ರಷ್ಟು ಮಕ್ಕಳೂ ಕಳೆದುಕೊಂಡಿದ್ದರು. ಏಳು ವಾರದ ರಜೆಗೂ ತಿಂಗಳುಗಟ್ಟಲೆಯ ಮುಚ್ಚುಗಡೆಗೂ ಸಮೀಕರಣ ಸಲ್ಲದು. ಆದರೂ ಬಳಸದ ಕೌಶಲ ಕಳೆದುಹೋಗುತ್ತದೆ ಎಂಬಷ್ಟು ಮಾತು ಇದರಿಂದ ಗಟ್ಟಿಯಾಗುತ್ತದೆ.

ಮರೆವು ನಿಜವೆಂದು ಒಪ್ಪಿದರೂ ಅದಕ್ಕೆ ದಿನವಿಡೀ ತರಗತಿಯೇ ಮದ್ದು ಎಂಬ ತೀರ್ಮಾನ ತಾನಾಗಿ ಬರುವುದಿಲ್ಲ. ಒಂದೇ ಬಾರಿಗೆ ಹೆಚ್ಚು ಹೊತ್ತು ಓದುವುದಕ್ಕಿಂತ ಅದೇ ಅವಧಿಯನ್ನು ಹಲವು ದಿನಗಳಿಗೆ ಹಂಚಿ ಓದಿದರೆ ನೆನಪು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಪ್ರಕಟಿಸಿದ ಪ್ರಯೋಗಗಳಿಂದ ಇಂದಿನವರೆಗೂ ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ದೃಢಪಟ್ಟ ಸಂಗತಿ. ದಿನಕ್ಕೆ ಅರ್ಧ ಗಂಟೆಯಂತೆ 48 ದಿನ ಗಣಿತ ಮಾಡಿದರೆ 24 ಗಂಟೆಯಾಗುತ್ತದೆ. ದಿನಕ್ಕೆ ಆರು ಗಂಟೆಯ ಶಿಬಿರ ನಾಲ್ಕು ದಿನ ನಡೆದರೂ ಆಗುವುದು ಅಷ್ಟೇ. ಮೇ ಕೊನೆಯಲ್ಲಿ ನೆನಪಿರುವುದು ಮೊದಲನೆಯದು. ಶುಲ್ಕ ಪಡೆಯಲು ಅನುಕೂಲವಾಗಿರುವುದು ಎರಡನೆಯದು.

ಇದರ ಜೊತೆಗೆ, ಶಾಲೆ ತೆರೆದ ಮೊದಲ ವಾರಗಳಲ್ಲಿ ಹಿಂದಿನ ತರಗತಿಯ ಸಾಮರ್ಥ್ಯಗಳನ್ನು ಪರಿಶೀಲಿಸಿ ಸರಿಪಡಿಸಲೆಂದೇ ರಾಜ್ಯದಲ್ಲಿ ‘ಸೇತುಬಂಧ’ ಕಾರ್ಯಕ್ರಮವಿದೆ. ಪೂರ್ವಪರೀಕ್ಷೆ, ಬೋಧನೆ, ಮತ್ತೆ ಪರೀಕ್ಷೆ ಎಂಬ ಕ್ರಮದಲ್ಲಿ ಅದು ನಡೆಯಬೇಕು. ದಾಖಲೆ ತುಂಬುವ ಕೆಲಸವಾಗಿ ಮಾತ್ರ ಅದು ಮುಗಿದುಹೋದಲ್ಲಿ ಬೇಸಿಗೆ ತರಗತಿಯ ಬೇಡಿಕೆ ಹೆಚ್ಚುತ್ತದೆ.

ಬಿಡುವು ಕೊಡುವುದು ಏನನ್ನು

ವಿಶ್ರಾಂತಿಯನ್ನು ಓದಿನ ಎದುರಾಳಿಯಂತೆ ಕಾಣುವುದು ವೈಜ್ಞಾನಿಕವಾಗಿ ಸರಿಯಲ್ಲ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದ ಮುಖ್ಯ ಭಾಗ ನಡೆಯುವುದು ನಿದ್ರೆಯಲ್ಲಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು ಎಂಬುದು ಅಮೆರಿಕದ ನಿದ್ರಾ ವೈದ್ಯರ ಸಂಘಟನೆಯ ಶಿಫಾರಸು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ‘ಸ್ಟಡಿ ಅವರ್’ ನಡೆಸುವ ವಸತಿ ಕಾಲೇಜಿನ ದಿನಚರಿಯಲ್ಲಿ ಸಿಗುವುದು ಆರು ಗಂಟೆ. ಹತ್ತು ತಿಂಗಳು ಹೀಗೆ ಕಳೆದ ವಿದ್ಯಾರ್ಥಿಗೆ ಬೇಸಿಗೆಯ ಮೊದಲ ಎರಡು ವಾರ ಯಾವ ಪುಸ್ತಕವೂ ಇಲ್ಲದೆ ಹೋದರೆ ಅದನ್ನು ಸೋಮಾರಿತನ ಎನ್ನಲಾಗದು.

ಬಿಸಿಲಿನ ಪ್ರಶ್ನೆಯನ್ನೂ ಬದಿಗಿಡುವಂತಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುತ್ತವೆ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ದೊಡ್ಡವರಿಗೆ ಕೊಟ್ಟ ಈ ರಿಯಾಯಿತಿಯನ್ನು ತಗಡಿನ ಚಾವಣಿಯ ಟ್ಯೂಷನ್ ಕೊಠಡಿಯಲ್ಲಿ ಮಧ್ಯಾಹ್ನ ಮೂರಕ್ಕೆ ಕುಳಿತ ಮಗುವಿಗೆ ಕೊಡಬೇಡವೇ?

ಇನ್ನೊಂದು ಬದಿಯೂ ಇದೆ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ರಜೆ ಎಂದರೆ ಅಜ್ಜಿಯ ಮನೆ, ಈಜು, ಪ್ರವಾಸವಲ್ಲ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ನೀರು ತರುವುದು, ಕೆಲವೊಮ್ಮೆ ತಾವೇ ಕೆಲಸಕ್ಕೆ ಹೋಗುವುದು. ಬಿಸಿಯೂಟವೂ ಆ ದಿನಗಳಲ್ಲಿ ನಿಂತುಹೋಗುತ್ತದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿದ್ದು ಈ ಕಾರಣಕ್ಕೇ. ಇಂಥ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿರುವುದೇ ಒಂದು ಬಗೆಯ ಬಿಡುವು. ‘ರಜೆಯಲ್ಲಿ ಏನೂ ಬೇಡ’ ಎಂಬ ವಾದ ಪಟ್ಟಣದ ಮಧ್ಯಮ ವರ್ಗದ ಅನುಭವದಿಂದ ಬಂದದ್ದು, ಅದನ್ನು ಇಡೀ ರಾಜ್ಯಕ್ಕೆ ಅನ್ವಯಿಸಲಾಗದು.

‘ಸ್ವಲ್ಪ ಓದು, ಸ್ವಲ್ಪ ಮೋಜು’

ಓದು ಮತ್ತು ಬಿಡುವು ಎರಡನ್ನೂ ಜೊತೆಗೆ ಇಟ್ಟುಕೊಂಡು ಹೊರಟ ಒಂದು ಸರ್ಕಾರಿ ಪ್ರಯತ್ನ ಕರ್ನಾಟಕದಲ್ಲೇ ನಡೆದಿದೆ. 2017ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗಾಗಿ ‘ಬೇಸಿಗೆ ಸಂಭ್ರಮ’ ನಡೆದಾಗ ಅದರ ಅಡಿಬರಹವೇ ‘ಸ್ವಲ್ಪ ಓದು, ಸ್ವಲ್ಪ ಮೋಜು’ ಎಂದಿತ್ತು. ಮುಂದಿನ ತರಗತಿಯ ಪಾಠವನ್ನು ಮೊದಲೇ ಹೇಳಿಕೊಡುವ ಗೊಡವೆಗೆ ಹೋಗದೆ, ಚಟುವಟಿಕೆಗಳ ಮೂಲಕ ಭಾಷೆ ಮತ್ತು ಲೆಕ್ಕವನ್ನು ಬಳಕೆಯಲ್ಲಿಡುವುದು, ಜೊತೆಗೆ ಊಟ ಕೊಡುವುದು ಅದರ ಸ್ವರೂಪ. ಈಗ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ‘ಅರಿವು ಕೇಂದ್ರ’ಗಳಲ್ಲಿ ನಡೆಯುವ ಬೇಸಿಗೆ ಶಿಬಿರಗಳೂ ಇದೇ ದಿಕ್ಕಿನವು. ಖರ್ಚು ಕಡಿಮೆ, ಪುಸ್ತಕ ಕೈಗೆ ಸಿಗುತ್ತದೆ, ಪರೀಕ್ಷೆ ಇಲ್ಲ. ರಜಾ ತರಗತಿಯ ಚರ್ಚೆಯಲ್ಲಿ ಇವುಗಳ ಹೆಸರು ಬಾರದಿರುವುದು ಅಚ್ಚರಿ.

48 ದಿನಗಳನ್ನು ಹಂಚುವ ಒಂದು ಬಗೆ

ಯಾವ ಬೇಸಿಗೆ ತರಗತಿ ಸಮರ್ಥನೀಯ ಎಂಬುದಕ್ಕೆ ಇಷ್ಟರಿಂದ ಒಂದು ಅಳತೆಗೋಲು ಸಿಗುತ್ತದೆ. ಮಗುವಿಗೆ ಇರುವ ಕೊರತೆ ಯಾವುದು ಎಂದು ಹೆಸರಿಸಲು ಬರಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅನುತ್ತೀರ್ಣ, ಏಳನೇ ತರಗತಿಗೆ ಬಂದರೂ ಭಿನ್ನರಾಶಿ ಕೂಡಿಸಲು ಬಾರದು, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಇಂಗ್ಲಿಷಿನಲ್ಲಿ ಪಿಯು ವಿಜ್ಞಾನ ಓದಬೇಕಿದೆ, ಇವು ಹೆಸರಿಸಬಹುದಾದ ಕೊರತೆಗಳು. ಮೂರನೆಯದನ್ನು ಒತ್ತಿ ಹೇಳಬೇಕು. ಒತ್ತಡ, ವೇಗೋತ್ಕರ್ಷ, ಜೀವಕೋಶ ಎಂದು ಕಲಿತ ವಿದ್ಯಾರ್ಥಿ ಜೂನ್‌ನಲ್ಲಿ ಪ್ರೆಷರ್, ಆಕ್ಸಿಲರೇಷನ್, ಸೆಲ್ ಎಂಬ ಪದಗಳನ್ನು ಕೇಳುವಾಗ ತನಗೆ ಗೊತ್ತಿರುವುದನ್ನೇ ಗೊತ್ತಿಲ್ಲವೆಂದು ಭಾವಿಸಿ ಹಿಂದೆ ಸರಿಯುತ್ತಾನೆ. ಮೂರು ನಾಲ್ಕು ವಾರ ದಿನಕ್ಕೊಂದು ಗಂಟೆ ಈ ಪದಗಳನ್ನು ಹಳೆಯ ಪಠ್ಯದ ಜೊತೆಯಲ್ಲೇ ಓದುವ ಬ್ರಿಡ್ಜ್ ಕೋರ್ಸ್‌ನಿಂದ ಆಗುವ ಲಾಭ ದ್ವಿತೀಯ ಪಿಯು ಪಾಠವನ್ನು ಏಪ್ರಿಲ್‌ನಲ್ಲೇ ಶುರು ಮಾಡುವುದರಿಂದ ಆಗುವುದಿಲ್ಲ. ‘ಮುಂದಿರಲಿ ಎಂದು’ ಎಂಬಷ್ಟೇ ಕಾರಣವಿದ್ದರೆ ಆ ತರಗತಿಯನ್ನು ಬಿಡುವುದು ಲೇಸು.

ಅವಧಿಯ ವಿಷಯದಲ್ಲಿ, ರಜೆಯ ಮೊದಲ ಎರಡು ವಾರ ಪೂರ್ತಿ ಬಿಡುವು, ನಂತರದ ನಾಲ್ಕು ವಾರ ಬೆಳಗಿನ ತಂಪಿನಲ್ಲಿ ಒಂದರಿಂದ ಎರಡು ಗಂಟೆ, ಭಾನುವಾರ ರಜೆ, ಶಾಲೆ ತೆರೆಯುವ ಮುಂಚಿನ ಐದಾರು ದಿನ ಮತ್ತೆ ಖಾಲಿ ಎಂಬ ಹಂಚಿಕೆ ಹೆಚ್ಚಿನ ಮಕ್ಕಳಿಗೆ ಹೊಂದುತ್ತದೆ. ಪರೀಕ್ಷೆ–2 ಬರೆಯುವವರಿಗೆ ಈ ಸಡಿಲಿಕೆ ಸಾಧ್ಯವಿಲ್ಲ. ಅಂಥವರು ಅನುತ್ತೀರ್ಣರಾದ ಒಂದೆರಡು ವಿಷಯಗಳಿಗೆ ಮಾತ್ರ ಓದನ್ನು ಸೀಮಿತಗೊಳಿಸಿ, ಪರೀಕ್ಷೆ ಮುಗಿದ ಮೇಲಿನ ದಿನಗಳನ್ನು ಬಿಡುವಿಗೆ ಉಳಿಸಿಕೊಳ್ಳಬೇಕು. ಒಂದೆರಡು ಅಂಕ ಹೆಚ್ಚಿಸಿಕೊಳ್ಳಲೆಂದು ಉತ್ತೀರ್ಣರಾದ ವಿಷಯಗಳನ್ನೂ ಮತ್ತೆ ಬರೆಯುವ ಮೊದಲು, ಬಯಸಿದ ಪ್ರವೇಶಕ್ಕೆ ಆ ಅಂಕಗಳಿಂದ ನಿಜವಾಗಿ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಮುಂದಿನ ವರ್ಷಗಳಲ್ಲಿ ಏನಾಗಬಹುದು

ಸಿಬಿಎಸ್ಇ ಕೂಡ 2026ರಿಂದ ಹತ್ತನೇ ತರಗತಿಗೆ ವರ್ಷಕ್ಕೆ ಎರಡು ಪರೀಕ್ಷೆಯ ಕ್ರಮ ತಂದಿದ್ದು, ಎರಡನೆಯದನ್ನು ಮೇ ತಿಂಗಳಿಗೆ ಇಟ್ಟುಕೊಂಡಿದೆ. ರಾಜ್ಯ ಮತ್ತು ಕೇಂದ್ರ ಎರಡೂ ಪಠ್ಯಕ್ರಮಗಳಲ್ಲಿ ಬೇಸಿಗೆ ಪರೀಕ್ಷೆ ಕಾಯಂ ಆದರೆ ಅದಕ್ಕೆ ಹೊಂದಿಕೊಂಡ ತರಬೇತಿಯ ಮಾರುಕಟ್ಟೆಯೂ ಬೆಳೆಯುತ್ತದೆ, ಶುಲ್ಕ ಕಟ್ಟಬಲ್ಲವರಿಗೂ ಕಟ್ಟಲಾಗದವರಿಗೂ ನಡುವಿನ ಅಂತರ ಅದೇ ತಿಂಗಳಲ್ಲಿ ಹಿಗ್ಗುತ್ತದೆ. ಇದನ್ನು ತಡೆಯಲು ಸರ್ಕಾರಿ ಶಾಲೆಯ ಪರಿಹಾರ ಬೋಧನೆಗೆ ಬಲ ಬೇಕೇ ಹೊರತು ಕೇವಲ ನಿಷೇಧದ ಸುತ್ತೋಲೆ ಸಾಲದು.

ಅದಕ್ಕಾಗಿ ಪರೀಕ್ಷಾ ವೇಳಾಪಟ್ಟಿ ಪ್ರಕಟಿಸುವಾಗಲೇ, ಫಲಿತಾಂಶಕ್ಕಾಗಿ ಕಾಯದೆ, ವಿಶೇಷ ತರಗತಿ ಯಾರಿಗೆ, ದಿನಕ್ಕೆ ಎಷ್ಟು ಗಂಟೆ ಮತ್ತು ಯಾವ ಹೊತ್ತಿನಲ್ಲಿ, ಅದನ್ನು ತೆಗೆದುಕೊಳ್ಳುವ ಶಿಕ್ಷಕರಿಗೆ ಎಷ್ಟು ದಿನ ಗಳಿಕೆ ರಜೆ ಜಮಾ ಎಂಬುದನ್ನು ಇಲಾಖೆ ಅದರಲ್ಲೇ ಸೇರಿಸಬಹುದು. ಒಂದು ಹೋಬಳಿಯ ಎಲ್ಲ ಶಾಲೆಗಳನ್ನೂ ತೆರೆಯುವ ಬದಲು ಅನುತ್ತೀರ್ಣರಾದವರನ್ನು ಒಂದೆರಡು ಕೇಂದ್ರಗಳಿಗೆ ಸೇರಿಸಿದರೆ ವಿಷಯಕ್ಕೊಬ್ಬ ಶಿಕ್ಷಕರು ಸಾಕು, ಉಳಿದವರು ರಜೆಯಲ್ಲಿರಬಹುದು. ಮಕ್ಕಳ ಬಸ್ಸು ಮತ್ತು ಊಟದ ಏರ್ಪಾಡು ಮಾತ್ರ ಆಗ ಇಲಾಖೆಯ ಹೊಣೆಯಾಗುತ್ತದೆ, ಮತ್ತು 2024ರಲ್ಲಿ ಆದಂತೆ ಆದೇಶ ಹೊರಟ ಮೇಲೆ ಪರೀಕ್ಷೆಯನ್ನೇ ಮುಂದೂಡುವ ಪ್ರಮೇಯ ಬರುವುದಿಲ್ಲ.